ತುಟಿಯ ಮೇಲಿನ ಮಾತು

ನಾನು ಈಗಿರುವ ಪೆಟಾಲಿಂಗ್ ಜಯಾದಲ್ಲಿ ನಮ್ಮ ಫ್ಲಾಟಿನ ಕೆಳಗಿರುವ ತಮಿಳು ದರ್ಜಿ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟಾಗಲೆಲ್ಲ ನನಗೆ ಚಿಕ್ಕಂದಿನಲ್ಲಿ ನಾವಿದ್ದ ಬ್ರಾಡ್‌ಫರ್ಡಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪ ಅಲ್ಲಿನ ಉಣ್ಣೆ ಗಿರಣಿಯಲ್ಲಿ ಮಗ್ಗ ನಡೆಸುತ್ತಿದ್ದರು. ಆ ಸದ್ದಿಗೆ ಅವರ ಕಿವಿ ಪೂರ್ತಿ ಹೋಗಿತ್ತು. ಗಿರಣಿಯಲ್ಲಿ ಎಲ್ಲರೂ ತುಟಿ ನೋಡಿಯೇ ಮಾತಾಡಿಕೊಳ್ಳುತ್ತಿದ್ದುದರಿಂದ ಅಪ್ಪನಿಗೆ ಇಂಗ್ಲಿಷನ್ನು ತುಟಿಯ ಮೇಲೆ ಓದಲು ಬರುತ್ತಿತ್ತು. ಕನ್ನಡವನ್ನು ಹಾಗೆ ಓದಿ ಅಭ್ಯಾಸವಿರಲಿಲ್ಲ. ಅಮ್ಮನಿಗೋ ಕನ್ನಡ ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಅಡುಗೆಮನೆಯಿಂದ "ರೀ" ಎಂದು ಕರೆಯುವುದನ್ನು ಅವಳು ಯಾವತ್ತೋ ನಿಲ್ಲಿಸಿದ್ದಳು.

ಅವತ್ತು ಅಪ್ಪ ಪಾಳಿ ಮುಗಿಸಿ ಬಂದು, ಕಲ್ಲಿದ್ದಲ ಒಲೆಯ ಮುಂದೆ ನಿಂತು, ಕೋಟಿಗೆ ಅಂಟಿದ ಉಣ್ಣೆಯ ಎಳೆಗಳನ್ನು ಬಿಡಿಸುತ್ತಿದ್ದರು. ಅಷ್ಟರಲ್ಲಾಗಲೇ ಮೈಸೂರಿನಿಂದ ಅಜ್ಜಿಯ ಸುದ್ದಿ ಫೋನಿನಲ್ಲಿ ಬಂದಿತ್ತು. ಅಮ್ಮ ಅವರೆದುರು ನಿಂತು, "ನಿಮ್ಮ ಅಮ್ಮ ಹೋಗ್ಬಿಟ್ರು ಕಣ್ರೀ" ಎಂದಳು.

ಕೂಡಿ ಬೇರೆಯಾದ ಆ ತುಟಿಗಳಲ್ಲಿ ಅಪ್ಪನಿಗೆ ಒಂದೇ ಪದ ಸಿಕ್ಕಿತು. ಮುಖ ಅರಳಿತು.

"ಅಮ್ಮಾನಾ? ಫೋನ್ ಮಾಡಿದ್ಲಾ? ಏನಂದ್ಲು?" ಎಂದು ಎಂದಿನಂತೆ ಕಿರುಚಿದರು.

ಅಮ್ಮ ಇನ್ನೊಮ್ಮೆ ಹೇಳಿದಳು. ಅಪ್ಪ ನಗುತ್ತಲೇ ಇದ್ದರು. ಅವಳು ನನ್ನ ಭುಜ ಹಿಡಿದು ಮುಂದಕ್ಕೆ ತಳ್ಳಿದಳು.

"ನೀನೇ ಹೇಳು ಪುಟ್ಟಿ. ನಿನ್ನ ಇಂಗ್ಲಿಷ್ ಅವರಿಗೆ ಕಾಣ್ಸತ್ತೆ."

"ಗ್ರ್ಯಾಂಡ್‌ಮಾ ಈಸ್ ಡೆಡ್" ಎಂದು ನಾನು ಬಾಯಿ ಅಗಲಿಸಿ, ದನಿಯಿಲ್ಲದೆ ಹೇಳಿದೆ.

ಅಪ್ಪ ನನ್ನ ತುಟಿಯನ್ನೇ ನೋಡುತ್ತಿದ್ದರು. ನಾನು ಮತ್ತೆ ಹೇಳಲು ಹೋದಾಗ ಅಂಗೈಯಿಂದ ನನ್ನ ಬಾಯಿ ಮುಚ್ಚಿದರು. ಆ ಕೈಗೆ ಮಗ್ಗದ ಎಣ್ಣೆಯ ವಾಸನೆಯಿತ್ತು.