ಸೈಕಲ್ ಸೀಟಿಗೆ ಹಚ್ಚಿದ ಎಣ್ಣೆ

ಮಗಳ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿದ ದಿನ, ಎರಡು ಸಲ ಸೋಪು ಹಾಕಿ ಕೈ ತೊಳೆಯದೆ ಅವಳ ಸೈಕಲ್ಲಿಗೆ ಕವರ್ ಹಾಕುವುದಿಲ್ಲ ನಾನು.

ನಾನು ಚಿಕ್ಕವಳಿದ್ದಾಗ ನಮ್ಮೂರು ಕಡಬದಲ್ಲಿ ತಾತ ದಿನಾ ಸಂಜೆ ಕೆರೆ ಏರಿಯ ಮೇಲೆ ಸೈಕಲ್ ಹೊಡೆಯುತ್ತಿದ್ದ. ಮಂಡಿ ಆಪರೇಷನ್ ಆದಾಗ ನನಗೆ ಹೇಳಿದ: “ಒಣಬಟ್ಟೇಲಿ ಚೆನ್ನಾಗಿ ಒರ್ಸಿ ಗೋಣಿಚೀಲ ಮುಚ್ಚಿಡವ್ವ. ಬೇರೆ ಏನೂ ಹಚ್ಬೇಡ.” ಎಷ್ಟು ಒರೆಸಿದರೂ ಚರ್ಮದ ಸೀಟು ಮಂಕಾಗಿಯೇ ಇತ್ತು. ಅಜ್ಜಿಯ ಬಟ್ಟಲಿನಿಂದ ಕೊಬ್ಬರಿ ಎಣ್ಣೆ ತಂದು, ಫಳಫಳ ಹೊಳೆಯುವ ಹಾಗೆ ತಿಕ್ಕಿ, ಚೀಲ ಮುಚ್ಚಿ ಕೊಟ್ಟಿಗೆಯ ಮೂಲೆಯಲ್ಲಿಟ್ಟೆ.

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ತಾತ ಕೋಲೂರಿಕೊಂಡು ಬಂದು ಚೀಲ ಎತ್ತಿದ. ಸೀಟನ್ನು ಇಲಿಗಳು ತಿಂದುಹಾಕಿದ್ದವು. ಒಳಗಿನ ಸ್ಪ್ರಿಂಗು ಕಾಣುತ್ತಿತ್ತು.

“ಮೂರು ಹೊತ್ತೂ ಹಾಲು ಕುಡ್ಕೊಂಡು ಬಿದ್ದಿರ್ತದೆ, ಒಂದ್ ಇಲೀನೂ ಹಿಡಿಯಲ್ಲ! ಇವತ್ತಿಂದ ಇದಕ್ಕೆ ಹಾಲಿಲ್ಲ,” ಎಂದು ಅಜ್ಜಿ ಬೆಕ್ಕಿನ ಮೇಲೆ ಪೊರಕೆ ಬೀಸಿದಳು.

ತಾತ ಉಳಿದ ಚರ್ಮವನ್ನು ಮೂಸಿ ನೋಡಿದ. ನನ್ನ ಎಣ್ಣೆ ಜಡೆಯನ್ನೊಮ್ಮೆ ಮುಟ್ಟಿದ. “ಹೋಗ್ಲಿ ಬುಡು, ಪಾಪ, ಅದಕ್ಕೇನ್ ಗೊತ್ತಾಗ್ತದೆ,” ಅಂದ.

ಸಂಜೆ ಬೆಕ್ಕು ನನ್ನ ಕಾಲಿಗೆ ಮೈ ಉಜ್ಜುತ್ತ ಕೂಗುತ್ತಲೇ ಇತ್ತು. ನಾನು ನನ್ನ ಲೋಟದ ಹಾಲನ್ನು ಪೂರ್ತಿ ಕುಡಿದೆ.