ಯಾರೂ ಬೀಳದ ವಾರ್ಡು

ದೊಡ್ಡ ಸಿಸ್ಟರ್ ಅಜ್ಜನ ಕೈಯಿಂದ ಊರುಗೋಲನ್ನು ನಯವಾಗಿ ಬಿಡಿಸಿಕೊಂಡು ಬೀರುವಿನೊಳಗಿಟ್ಟು ಬೀಗ ಹಾಕಿದರು. ಚಪ್ಪಲಿಗಳೂ ಅದರ ಹಿಂದೆಯೇ ಹೋದವು. ಆಮೇಲೆ ಮಂಚದ ಎರಡೂ ಪಕ್ಕದ ಕಂಬಿಗಳನ್ನು ಮೇಲೆತ್ತಿ, ಕೊಕ್ಕೆ ಕೂತಿದೆಯೇ ಎಂದು ಅಲ್ಲಾಡಿಸಿ ನೋಡಿ, "ಇನ್ನು ಆರಾಮಾಗಿರಿ ಅಜ್ಜ" ಎಂದರು. ಅಜ್ಜ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತೆಂದು ಆಸ್ಪತ್ರೆ ಸೇರಿದವನು. ಕಾಲಿಗೆ ಏನೂ ಆಗಿರಲಿಲ್ಲ. ಆಟೋದಿಂದ ಇಳಿದು ಮಗಳಿಗಿಂತ ಮುಂದೆ ನಡೆದುಕೊಂಡೇ ಬಂದಿದ್ದ.

ವಾರ್ಡಿನ ಬಾಗಿಲ ಮೇಲೆ ದಪ್ಪಕ್ಷರದ ಫಲಕವಿತ್ತು: 'ಇಲ್ಲಿ ಯಾವ ರೋಗಿಯೂ ಬಿದ್ದಿಲ್ಲ.' ಪಕ್ಕದಲ್ಲಿ, ರೋಗಿಗಳನ್ನು ಅತ್ಯಂತ ಸುರಕ್ಷಿತವಾಗಿ ನೋಡಿಕೊಂಡದ್ದಕ್ಕೆ ಆಸ್ಪತ್ರೆಯವರು ಕೊಟ್ಟ ಷೀಲ್ಡು ಹೊಳೆಯುತ್ತಿತ್ತು. ಅದು ಸುಮ್ಮನೆ ಬಂದದ್ದಲ್ಲ. ಎದ್ದವರು ತಾನೇ ಬೀಳುವುದು? ಈ ಸತ್ಯ ದೊಡ್ಡ ಸಿಸ್ಟರಿಗೆ ಹೊಳೆದಂದಿನಿಂದ ಆ ವಾರ್ಡಿನಲ್ಲಿ ಯಾರೂ ಎದ್ದಿರಲಿಲ್ಲ. ಹಿಂದೊಮ್ಮೆ ಮಾತ್ರ ರೋಗಿಯೊಬ್ಬಳು ಹೊಸ್ತಿಲಲ್ಲೇ ಎಡವಿ, ಕಾಲು ಒಳಗೆ ತಲೆ ಹೊರಗೆ ಎಂಬಂತೆ ಬಿದ್ದಿದ್ದಳು. ಅವಳನ್ನು ಎತ್ತುವುದಕ್ಕೆ ಮೊದಲು ಅವಳು ಯಾರ ಲೆಕ್ಕಕ್ಕೆ ಬಿದ್ದಳು ಎಂಬ ಚರ್ಚೆ ನಡೆಯಿತು. ತಲೆ ಎಲ್ಲಿದೆಯೋ ಬಿದ್ದದ್ದು ಅಲ್ಲೇ ಎಂದು ತೀರ್ಮಾನವಾಗಿ ಷೀಲ್ಡು ಉಳಿಯಿತು.

ಹಾಗೆಂದು ದೊಡ್ಡ ಸಿಸ್ಟರ್ ಕೆಟ್ಟವರಲ್ಲ. ಅವರ ಕೈಯಲ್ಲಿ ಒಂದು ಮಾತ್ರೆ ತಪ್ಪಿದ್ದಿಲ್ಲ, ಒಂದು ಹಾಸಿಗೆ ಸುಕ್ಕಾದದ್ದಿಲ್ಲ. ಮಗ್ಗುಲು ಬದಲಿಸಿ ಮಲಗಿಸಿ, ಯಾರ ಬೆನ್ನೂ ಹುಣ್ಣಾಗದಂತೆ ಕಾಯುತ್ತಿದ್ದರು. ಒಡವೆಯನ್ನು ಡಬ್ಬಿಯಲ್ಲಿಡುವ ಹಾಗೆ ರೋಗಿಯನ್ನು ಮಂಚದಲ್ಲಿಡುತ್ತಿದ್ದರು, ಅಷ್ಟೆ.

ಅಜ್ಜನಿಗೆ ಡಬ್ಬಿ ಹಿಡಿಸಲಿಲ್ಲ. ಅವನು ಬಸ್ ಕಂಡಕ್ಟರಾಗಿದ್ದು ನಿವೃತ್ತನಾದವನು. "ಓಡೋ ಬಸ್ಸಲ್ಲಿ ಕೈ ಬಿಟ್ಕೊಂಡು ನಿಂತು ಟಿಕೆಟ್ ಹರಿದವನಮ್ಮ ನಾನು. ನಿಮ್ಮ ಕಟ್ಟಡ ಓಡೋದೂ ಇಲ್ಲ, ಬ್ರೇಕ್ ಹಾಕೋದೂ ಇಲ್ಲ. ಬಚ್ಚಲಿಗೆ ಹೋಗಿ ಬಂದ್ಬಿಡ್ತೀನಿ, ಕಂಬಿ ಇಳಿಸಿ."

"ನಿಮಗ್ಯಾಕಜ್ಜ ತೊಂದ್ರೆ? ಬಚ್ಚಲೇ ನಿಮ್ಮ ಹತ್ರ ಬರುತ್ತೆ" ಎಂದರು ದೊಡ್ಡ ಸಿಸ್ಟರ್. ಬೆಡ್‌ಪ್ಯಾನ್ ಬಂತು. ಪರದೆಯನ್ನು ಅರ್ಧ ಮಾತ್ರ ಎಳೆದರು. ಪೂರ್ತಿ ಎಳೆದರೆ ಮರೆಯಲ್ಲಿ ಎದ್ದು ನಿಂತುಬಿಟ್ಟಾನೆಂಬ ಭಯ. ಜೀವಮಾನವಿಡೀ ತುಂಬಿದ ಬಸ್ಸಿನ ಜನಕ್ಕೆ ಎದುರಾಗಿ ನಿಂತವನು ಅಂದು ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ಮಗಳ ಚಿಂತೆ ಬೇರೆ. ಅವಳ ಮನೆ ಮೂರನೇ ಮಹಡಿ, ಲಿಫ್ಟ್ ಇಲ್ಲ. ಬೆಳಿಗ್ಗೆ ಕೆಲಸಕ್ಕೆ ಹೋದರೆ ಬರುವುದು ಸಂಜೆ. ಅಪ್ಪ ತನ್ನ ಕಾಲ ಮೇಲೆ ಮೆಟ್ಟಿಲು ಹತ್ತಿದರೆ ಆ ಮನೆ, ಇಲ್ಲದಿದ್ದರೆ ಎಲ್ಲಿ ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ. ಅವಳು ಡಾಕ್ಟರನ್ನು ಕೇಳಿಕೊಂಡಳು. ದಿನಾ ಸ್ವಲ್ಪ ನಡೆಸಿ ಎಂದು ಡಾಕ್ಟರು ಹೇಳಿದರು. ಸರಿ ಸರ್ ಎಂದರು ದೊಡ್ಡ ಸಿಸ್ಟರ್. ಸರಿ ಎಂದರೆ ಆ ವಾರ್ಡಿನಲ್ಲಿ ಕೇಳಿಸಿತು ಎಂದಷ್ಟೇ ಅರ್ಥ.

ಹೊಸದಾಗಿ ಬಂದಿದ್ದ ಚಿಕ್ಕ ಸಿಸ್ಟರಿಗೆ ಮಾತ್ರ ಈ ಅರ್ಥ ಇನ್ನೂ ತಿಳಿದಿರಲಿಲ್ಲ. ಒಂದು ಮಧ್ಯಾಹ್ನ, ದೊಡ್ಡ ಸಿಸ್ಟರ್ ರೋಗಿಗಳ ಸುರಕ್ಷತೆಯ ಮೇಲೆ ಭಾಷಣ ಮಾಡಲು ಹೋಗಿದ್ದಾಗ, ಅವಳು ಕಂಬಿ ಇಳಿಸಿದಳು. ತಲೆ ಸುತ್ತದಿರಲೆಂದು ಅಜ್ಜನನ್ನು ಮಂಚದ ಅಂಚಿನಲ್ಲಿ ತುಸು ಹೊತ್ತು ಕೂರಿಸಿ, ಕಾಲಿಗೆ ತನ್ನದೇ ಚಪ್ಪಲಿ ತೊಡಿಸಿ, ಸೊಂಟಕ್ಕೆ ಕೈ ಕೊಟ್ಟು ಬಚ್ಚಲಿಗೆ ಕರೆದೊಯ್ದಳು. ಅಜ್ಜ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕೂತ. ಹೊರಗೆ ಬಂದಾಗ ಮದುವೆ ಗಂಡಿನ ಕಳೆ. ಮಂಚದ ಹತ್ತಿರ ಬಂದು "ಹೋಲ್ಡಾನ್" ಎಂದು ತಾನೇ ಹೇಳಿಕೊಂಡು ನಿಂತ. ಪಕ್ಕದ ಮಂಚದವನು ಕಂಬಿಯ ಸಂದಿಯಿಂದ ಕೈ ಚಾಚಿ, ತನಗೂ ಒಂದು ಟಿಕೆಟ್ ಕೊಡಿ ಎಂದ. ಅಷ್ಟರಲ್ಲಿ ಭಾಷಣ ಮುಗಿದಿತ್ತು.

"ಬಿದ್ದಿದ್ರೆ?" ಎಂದರು ದೊಡ್ಡ ಸಿಸ್ಟರ್ ಬಾಗಿಲಲ್ಲೇ.

"ಬೀಳಲಿಲ್ವಲ್ಲ ಸಿಸ್ಟರ್. ನಾನು ಹಿಡ್ಕೊಂಡೇ ಇದ್ದೆ."

"ಬೀಳದೆ ಇರೋರನ್ನ ಯಾಕಮ್ಮ ಹಿಡ್ಕೊಳ್ಳೋದು?"

ಮರುದಿನದಿಂದ ಚಿಕ್ಕ ಸಿಸ್ಟರಿಗೆ ಹೊರರೋಗಿಗಳ ಕೌಂಟರಿನಲ್ಲಿ ಕೆಲಸ. ಅಲ್ಲಿ ರೋಗಿಗಳು ಗಾಜಿನ ಆಚೆ ಇರುತ್ತಾರೆ, ಕೈ ಕೊಡಬೇಕೆಂದರೂ ತಾಗುವುದಿಲ್ಲ.

ಅಜ್ಜನ ಎದೆ ತಿಳಿಯಾಯಿತು. ಮನೆಗೆ ಹೊರಡುವ ದಿನ ಮಲಗಿ ಮಲಗಿ ಸೊರಗಿದ ಕಾಲುಗಳನ್ನು ಪಾಯಿಜಾಮದೊಳಗೆ ಹುಡುಕಬೇಕಾಗಿತ್ತು. ಗಾಲಿಕುರ್ಚಿಯಲ್ಲಿ ಕೂರಿಸಿ ಹೊಸ್ತಿಲವರೆಗೆ ತಳ್ಳಿಕೊಂಡು ಬಂದರು. ಕುರ್ಚಿ ವಾರ್ಡಿನದು, ಆಚೆ ಹೋಗುವಂತಿಲ್ಲ.

"ಬರುವಾಗ ನಡ್ಕೊಂಡು ಬಂದಿದ್ರು ನಮ್ಮಪ್ಪ" ಎಂದಳು ಮಗಳು, ಮೆಲ್ಲಗೆ.

"ಮೈಮೇಲೆ ಒಂದು ಗೀರಿಲ್ದೆ ವಾಪಸ್ ಕೊಡ್ತಿದ್ದೀವಿ, ನೋಡ್ಕೊಳ್ಳಿ" ಎಂದು ದೊಡ್ಡ ಸಿಸ್ಟರ್ ಹೆಮ್ಮೆಯಿಂದ ಬೀರು ತೆಗೆದು ಚಪ್ಪಲಿ ತಂದಿಟ್ಟರು, ಊರುಗೋಲನ್ನು ಕೈಗೆ ಕೊಟ್ಟರು.

ಅಜ್ಜ ಎರಡೂ ಕೈ ಊರಿ, ಮಗಳ ಭುಜಕ್ಕೆ ಒರಗಿ, ಹೇಗೋ ಎದ್ದು ನಿಂತ. "ರೈಟ್" ಎಂದ. ಕಾಲು ಮುಂದೆ ಬರಲಿಲ್ಲ. ಅಜ್ಜ ನಿಂತಲ್ಲೇ ಕುಸಿಯತೊಡಗಿದ. ದೊಡ್ಡ ಸಿಸ್ಟರ್ ಒಮ್ಮೆ ಮೇಲಿನ ಫಲಕ ನೋಡಿದರು, ಒಮ್ಮೆ ಕೆಳಗಿನ ಹೊಸ್ತಿಲು ನೋಡಿದರು. ಗಾಬರಿಯಿಂದ ಎರಡು ಹೆಜ್ಜೆ ಓಡಿ ಬಂದರು.

"ಸ್ವಲ್ಪ ಮುಂದಕ್ಕೆ ಬಗ್ಗಿಸಿ ಹಿಡ್ಕೊಳ್ಳಮ್ಮ" ಎಂದರು ಮಗಳಿಗೆ. "ತಲೆ ಆಚೆ ಕಡೆ ಇರ್ಲಿ."