ಪೆಟ್ಟಿಗೆ ಇಳಿಸದ ಮನುಷ್ಯ

"ಇನ್ನೊಂದು ಸಲ ತೂಗಮ್ಮ," ಅಂದರು ಯಜಮಾನರು.

ಕೌಂಟರಿನ ಹುಡುಗಿ ಹಲ್ಲು ಕಚ್ಚಿ ಗುಂಡಿ ಒತ್ತಿದಳು. ಅಂಕಿ ಕದಲಲಿಲ್ಲ. ನಾಲ್ಕು ಕಿಲೋ ಹೆಚ್ಚು. ಹೆಚ್ಚಿದ್ದಕ್ಕೆ ಶುಲ್ಕ ಕಟ್ಟಬೇಕು, ಇಲ್ಲವೇ ಸಾಮಾನು ತೆಗೆಯಬೇಕು. ಯಜಮಾನರು ಎರಡನ್ನೂ ಮಾಡದೆ ತಕ್ಕಡಿಯ ಪಕ್ಕ ಕಂಬದ ಹಾಗೆ ನಿಂತಿದ್ದರು.

ಪೆಟ್ಟಿಗೆ ತಕ್ಕಡಿ ಏರಿದ ಮೇಲೆ ಆ ಪ್ರಯಾಣಿಕನನ್ನು ಇತ್ಯರ್ಥ ಮಾಡದೆ ಮುಂದಿನವರನ್ನು ಕರೆಯುವಂತಿಲ್ಲ, ಕೌಂಟರ್ ಮುಚ್ಚುವಂತೆಯೂ ಇಲ್ಲ. ಕಂಪನಿಯ ನಿಯಮ. ಸಣ್ಣ ವಿಮಾನ ನಿಲ್ದಾಣ, ಇರುವುದು ಅದೊಂದೇ ಕೌಂಟರ್. ಹಿಂದೆ ಸಾಲು ಕುದಿಯುತ್ತಿತ್ತು.

ಹುಡುಗಿಗೆ ಸಾಲಿನ ಚಿಂತೆಗಿಂತ ಗೋದಾಮಿನ ಚಿಂತೆ ದೊಡ್ಡದಾಗಿತ್ತು. ಅವಳ ಕೌಂಟರಿನಿಂದಾಗಿ ಇನ್ನೊಂದು ವಿಮಾನ ತಡವಾದರೆ, ಕಳೆದುಹೋದ ಸಾಮಾನಿನ ಗೋದಾಮಿಗೆ ಹಾಕುತ್ತೇನೆ ಎಂದು ಮ್ಯಾನೇಜರ್ ಗದರಿಸಿದ್ದ. ಆ ಗೋದಾಮಿಗೆ ಹೋದ ನೌಕರರನ್ನೂ ಆಮೇಲೆ ಯಾರೂ ಹುಡುಕಿಕೊಂಡು ಬಂದದ್ದಿಲ್ಲ.

ಮೊದಮೊದಲು ಯಜಮಾನರು ಹೀಗಿರಲಿಲ್ಲ. ತಮ್ಮದು ಬೀಗದ ಅಂಗಡಿ, ಇದು ಮೊದಲ ವಿಮಾನಯಾನ ಎಂದು ಸಾಲಿನವರಿಗೆಲ್ಲ ಹೇಳುತ್ತಾ ನಗುನಗುತ್ತಲೇ ಬಂದಿದ್ದರು. ನಾಲ್ಕು ಕಿಲೋ ಹೆಚ್ಚೆಂದಾಗ, ಅದಕ್ಕೇನಂತೆ ಕಟ್ಟುತ್ತೇನೆ ಎಂದಿದ್ದರು. ಟಿಕೆಟ್ ತೋರಿಸಿ ಎಂದಾಗ ಫೋನು ತೆಗೆದರು. ವಿಮಾನದಲ್ಲಿ ಫೋನು ಬಂದ್ ಮಾಡಬೇಕೆಂದು ಯಾರೋ ಹೇಳಿದ್ದಕ್ಕೆ ಅವರು ಮನೆಯ ಮೆಟ್ಟಿಲಲ್ಲೇ ಬಂದ್ ಮಾಡಿಟ್ಟಿದ್ದರಂತೆ. ಈಗ ಹಚ್ಚಿದ್ದೇ ತಡ, ಅದು ಟಿಣ್ ಟಿಣ್ ಎಂದು ನಿಲ್ಲದೆ ಕೂಗಿಕೊಂಡಿತು. ಒಂದು ಸಂದೇಶ ಓದಿದರು. ಮುಖ ಹುಳ್ಳಗಾಯಿತು. ಕೈಗೆ ಬಂದಿದ್ದ ಹಣದ ಚೀಲ ಮತ್ತೆ ಜೇಬಿಗಿಳಿಯಿತು.

ಖಾತೆ ಬರಿದಾಗಿದೆ ಎಂದು ಬ್ಯಾಂಕಿನವರು ತಿಳಿಸಿರಬೇಕು, ಪಾಪ, ಎಂದುಕೊಂಡಳು ಹುಡುಗಿ.

ಆದರೆ ಯಜಮಾನರು ಪಕ್ಕಕ್ಕೆ ತಿರುಗಿ ಫೋನಿನಲ್ಲಿ ವ್ಯಾಪಾರಕ್ಕೆ ಇಳಿದಾಗ ಆ ಕನಿಕರವೂ ಹಾರಿಹೋಯಿತು. "ಭಾವಾ, ಅದು ನಾನೇ ಮಾಡಿದ ಬೀಗ. ತಂತಿಗಿಂತಿಗೆಲ್ಲ ಬಗ್ಗಲ್ಲ. ಕೊಂಡಿ ಕೊಯ್ದುಬಿಡು. ಬಾಗಿಲು ಹೋದ್ರೂ ಹೋಗ್ಲಿ, ಬೇಗ."

ಆಮೇಲೆ ಶುರುವಾಯಿತು ಹಕ್ಕಿನ ಪಾರಾಯಣ. ಗೋಡೆಗೆ ಅಂಟಿಸಿದ್ದ ಪ್ರಯಾಣಿಕರ ಹಕ್ಕುಗಳನ್ನು ಓದಿ ಹೇಳಬೇಕೆಂದರು, ಕನ್ನಡಕ ತಂದಿಲ್ಲವಂತೆ. ಕನ್ನಡಕ ಅವರ ಹಣೆಯ ಮೇಲೇ ಕೂತಿತ್ತು. ಹುಡುಗಿ ಓದಿದಳು. ಮತ್ತೆ ತೂಗಿಸುವ ಹಕ್ಕುಂಟು. ತೂಗಿಸಿದರು. ತಕ್ಕಡಿಯನ್ನು ಪರೀಕ್ಷಿಸುವ ಹಕ್ಕುಂಟು. ತಾವೇ ಹತ್ತಿ ನಿಂತು, ಊಟಕ್ಕೆ ಮುಂಚೆ ತಮ್ಮ ತೂಕ ಇಷ್ಟಿರುವುದಿಲ್ಲ ಎಂದು ತಕರಾರು ತೆಗೆದರು. ಸಾಮಾನು ತೆಗೆದು ಹಗುರ ಮಾಡುವ ಹಕ್ಕುಂಟು. ಅದನ್ನೂ ಬಿಡುವುದಿಲ್ಲ ಎಂದು ಪೆಟ್ಟಿಗೆಯ ಬೀಗಕ್ಕೆ ಕೈ ಹಾಕಿದರು.

ಬೀಗ ತೆರೆಯಲಿಲ್ಲ. ಗೊಂಚಲಿನ ಕೀಲಿಕೈಗಳನ್ನು ಒಂದೊಂದಾಗಿ ತೂರಿಸಿದರು, ತಿರುಗಿಸಿದರು, ತಲೆ ಕೆರೆದುಕೊಂಡು ಮತ್ತೆ ಮೊದಲಿನಿಂದ ಶುರುಮಾಡಿದರು.

"ಚೆನ್ನಾಗಿದೆ," ಅಂದಳು ಹಿಂದೆ ನಿಂತಿದ್ದ ದಪ್ಪನೆಯ ಹೆಂಗಸು. "ಊರ ಬೀಗ ತೆಗೆಯೋರಿಗೆ ತಮ್ಮ ಪೆಟ್ಟಿಗೆ ತೆಗೆಯೋಕಾಗಲ್ಲ. ಯಜಮಾನ್ರೇ, ನಿಮ್ಮ ಅಂಗಡಿ ಎಲ್ಲಿ ಅಂತ ಹೇಳಿ, ಆ ಕಡೆ ತಲೆ ಹಾಕಿ ಮಲಗಲ್ಲ."

ಸಾಲು ನಕ್ಕಿತು. ಯಜಮಾನರಿಗೆ ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ. ಅವರ ಕಣ್ಣು ಬೀಗದ ಮೇಲಿರಲಿಲ್ಲ, ಗಾಜಿನ ಬಾಗಿಲ ಮೇಲಿತ್ತು. ಪೊಲೀಸರು ಬರುತ್ತಾರೆಂಬ ಹೆದರಿಕೆಯೇನೋ ಎಂದು ಹುಡುಗಿಗೆ ಅನುಮಾನವಾಯಿತು.

ಮ್ಯಾನೇಜರ್ ಫೋನು ಮಾಡಿ, ಕೌಂಟರ್ ಮುಗಿಯಿತಾ ಇಲ್ಲವಾ ಎಂದು ಕಿರುಚಿದ. ಹುಡುಗಿಯ ಕಣ್ಣಲ್ಲಿ ನೀರಾಡಿತು. ಗೋದಾಮಿನ ಕಥೆಯನ್ನು ಅವಳು ಯಜಮಾನರಿಗೆ ಸಣ್ಣ ದನಿಯಲ್ಲಿ ಹೇಳಿಬಿಟ್ಟಳು. ವಿಮಾನ ನಿಮ್ಮನ್ನು ಬಿಟ್ಟು ಹಾರಿದರೆ ಏನು ಮಾಡುತ್ತೀರಿ ಎಂದೂ ಕೇಳಿದಳು.

"ಅದು ಹೋಗಲ್ಲ ಬಿಡು ತಾಯಿ," ಅಂದರು ಯಜಮಾನರು. ಗೋದಾಮಿನ ಮಾತು ಮಾತ್ರ ಅವರಿಗೆ ನಾಟಿತ್ತು. "ನಿನ್ನ ತಲೆಗ್ಯಾಕೆ ಕಟ್ತಾರೆ? ಪ್ರಯಾಣಿಕನಿಂದ ತಡ ಆಯ್ತು ಅಂತ ಬರ್ಕೋ."

ಹಾಗೆ ಬರೆಯುವಂತಿಲ್ಲ, ತಡವೆಂದರೆ ಒಂದೋ ಕೌಂಟರಿನ ತಪ್ಪು, ಇಲ್ಲ ಕ್ಯಾಪ್ಟನ್ನಿನ ತಪ್ಪು ಎಂದಳು.

ಯಜಮಾನರು ಬೆವರು ಒರೆಸಿಕೊಂಡರು. "ಎಂಥಾ ಅನ್ಯಾಯ. ತಪ್ಪು ಹೊತ್ಕೊಳ್ಳೋ ಹಕ್ಕೂ ಪ್ರಯಾಣಿಕನಿಗೆ ಇಲ್ವಾ?"

ಅಷ್ಟರಲ್ಲಿ ಗಾಜಿನ ಬಾಗಿಲು ತೆರೆಯಿತು. ಬಿಳಿ ಅಂಗಿ, ಭುಜದ ಮೇಲೆ ಚಿನ್ನದ ಪಟ್ಟಿ, ಒದ್ದೆ ಕೂದಲು. ಕ್ಯಾಪ್ಟನ್ ಮೇಡಂ ದಾಪುಗಾಲು ಹಾಕುತ್ತಾ ನೇರ ಕೌಂಟರಿಗೇ ಬಂದಳು. ಸಾಲು ತಣ್ಣಗಾಯಿತು.

"ನೋಡಿ, ವಿಮಾನ ಓಡಿಸೋರೇ ಕೆಳಗಿಳಿದು ಬರೋ ಹಾಗಾಯ್ತು," ಅಂದಳು ದಪ್ಪನೆಯ ಹೆಂಗಸು. "ಇನ್ನಾದ್ರೂ ಮರ್ಯಾದೆಯಿಂದ ದುಡ್ಡು ಕಟ್ಟಿ."

ಯಜಮಾನರು ಕಟ್ಟಿದರು. ಚೌಕಾಸಿಯಿಲ್ಲದೆ, ಚಿಲ್ಲರೆಯನ್ನೂ ಕೇಳದೆ. ಪೆಟ್ಟಿಗೆ ಓಡುವ ಪಟ್ಟಿಯ ಮೇಲೆ ಒಳಗೆ ಸಾಗಿತು. ಹುಡುಗಿ ಬೆರಗಾಗಿ ನೋಡಿದಳು. ಮರುಕ್ಷಣವೇ ಗೋದಾಮು ಕಣ್ಣಮುಂದೆ ಬಂತು.

"ಮೇಡಂ, ತಡಕ್ಕೆ ಕಾರಣ... ಕೌಂಟರ್ ಅಂತಲೇ ಹಾಕ್ಲಾ?"

"ಕ್ಯಾಪ್ಟನ್ ಅಂತ ಹಾಕಿ," ಅಂದಳು ಮೇಡಂ, ಯಜಮಾನರನ್ನು ದುರುಗುಟ್ಟಿ ನೋಡುತ್ತಾ. "ನಾನಿನ್ನೂ ಸ್ನಾನ ಮಾಡ್ತಿರೋವಾಗ್ಲೇ ನಮ್ಮಪ್ಪ ಮನೆಗೆ ಹೊರಗಿನಿಂದ ಬೀಗ ಹಾಕ್ಕೊಂಡು ವಿಮಾನ ಹತ್ತೋಕೆ ಬಂದುಬಿಟ್ರು."